ಒಂದೊಂದೇ ಕಪ್: ಟೋಕಿಯೋದ ಕಾಫಿ ಅಂಗಡಿಗಳಲ್ಲಿ

ಟೋಕಿಯೋಗೆ ಹೋದಾಗ ಕಾಫಿ ಕುಡಿಯಲು ಎಲ್ಲಿಂದ ಶುರು ಮಾಡಬೇಕು ಅಂತ ಯಾರಾದರೂ ಕೇಳಿದರೆ ನಾನು ಜಿಂಬೋಚೋ ಅನ್ನುತ್ತೇನೆ. ಅದು ಹಳೇ ಪುಸ್ತಕದ ಅಂಗಡಿಗಳ ಬಡಾವಣೆ. ದೊಡ್ಡ ರಸ್ತೆಯ ದಕ್ಷಿಣ ಬದಿಯಲ್ಲೇ ಹೆಚ್ಚಿನ ಅಂಗಡಿಗಳಿವೆ, ಬಾಗಿಲು ಉತ್ತರಕ್ಕೆ, ಪುಸ್ತಕದ ಮೇಲೆ ಬಿಸಿಲು ಬೀಳಬಾರದು ಅಂತ. ಪುಸ್ತಕ ಕೊಂಡವರಿಗೆ ಕೂತು ನಾಲ್ಕು ಪುಟ ತಿರುವಿ ಹಾಕಲು ಜಾಗ ಬೇಕಲ್ವಾ? ಹಿಂದಿನ ಗಲ್ಲಿಗಳಲ್ಲಿ ಕಾಫಿ ಅಂಗಡಿಗಳಿವೆ. ಲಾದ್ರಿಯೋ 1949ರದ್ದು, ಸಾಬೋರು 1955ರದ್ದು. ಇಟ್ಟಿಗೆ ಗೋಡೆ, ಮಂದ ಬೆಳಕು, ಕೂತು ಕೂತು ನುಣುಪಾದ ಮರದ ಬೆಂಚುಗಳು. ಅಲ್ಲಿಂದ ಕೆಲವು ನಿಮಿಷ ನಡೆದರೆ ಗ್ಲಿಚ್ ಕಾಫಿ ಸಿಗುತ್ತದೆ. 2015ರಲ್ಲಿ ಶುರುವಾದ ಅಂಗಡಿ ಅದು. ಹದವಾಗಿ, ತಿಳಿಯಾಗಿ ಹುರಿದ ಬೀಜ, ಒಂದೊಂದು ಬೀಜಕ್ಕೂ ತೋಟದ ಹೆಸರು, ತಳಿಯ ಹೆಸರು, ಹಣ್ಣನ್ನು ಹೇಗೆ ಒಣಗಿಸಿದರು ಅನ್ನುವ ವಿವರ, ಬಾಗಿಲಾಚೆ ಲೋಕದ ಮೂಲೆಮೂಲೆಯಿಂದ ಬಂದವರ ಸಾಲು.

ಟೋಕಿಯೋಗೆ ಬರುವ ಹೆಚ್ಚಿನ ಕಾಫಿ ಪ್ರಿಯರ ಪಟ್ಟಿಯಲ್ಲಿ ಇರುವುದು ಗ್ಲಿಚ್‌ನಂಥ ಹೊಸ ಬಗೆಯ ಅಂಗಡಿಗಳು ಮಾತ್ರ. ಹಳೆಯವನ್ನು ನೋಡಲು ಹೋಗುವವರೂ ಇದ್ದಾರೆ, ಆದರೆ ಅವರು ಹೋಗುವುದು ಕೆಂಪು ಮಖಮಲ್ ಸೋಫಾ, ಬಣ್ಣಬಣ್ಣದ ಕ್ರೀಮ್ ಸೋಡಾ ಇವುಗಳ ಫೋಟೋಗೆ. ಅಂದರೆ ಹೊಸ ಅಂಗಡಿಗೆ ಕಾಫಿಗಾಗಿ, ಹಳೇ ಅಂಗಡಿಗೆ ನೆನಪಿನ ಸೊಗಸಿಗಾಗಿ. ನನಗೆ ಈ ಹಂಚಿಕೆ ಒಪ್ಪಿಗೆಯಿಲ್ಲ. ಈ ಊರಿನ ಹೊಸ ಕಾಫಿಯ ಬೇರು ಹಳೇ ಅಂಗಡಿಯಲ್ಲೇ ಇದೆ. ಬೀಜ ಬೇರೆ, ಹುರಿಯುವ ಹದ ಬೇರೆ, ಸಂಗೀತ ಬೇರೆ. ಆದರೆ ಎರಡೂ ಕಡೆ ಕೌಂಟರ್ ಹಿಂದೆ ನಿಂತವರು ಮಾಡುವುದು ಒಂದೇ ಕೆಲಸ. ನೀವು ಕೇಳಿದ ಮೇಲೆ ನಿಮ್ಮೊಬ್ಬರಿಗೆ ಸಾಕಾಗುವಷ್ಟು ಬೀಜ ತೂಗಿ, ಆಗಲೇ ಪುಡಿ ಮಾಡಿ, ಕೆಟಲ್ ಹಿಡಿದು ಬಿಸಿನೀರು ಸುರಿಯುತ್ತಾರೆ. ಆ ಕೆಲವು ನಿಮಿಷ ಬೇರೆ ಯಾವ ಕಡೆಗೂ ನೋಡುವುದಿಲ್ಲ.

ಸ್ಪೆಷಾಲ್ಟಿ ಕಾಫಿ ಅನ್ನುವ ಮಾತು ಹುಟ್ಟಿದ್ದು ಅಮೆರಿಕದಲ್ಲಿ. ಕಾಫಿ ವ್ಯಾಪಾರಿ ಎರ್ನಾ ಕ್ನುಟ್ಸೆನ್ 1974ರಲ್ಲಿ ಒಂದು ವ್ಯಾಪಾರ ಪತ್ರಿಕೆಯಲ್ಲಿ ಇದನ್ನು ಬಳಸಿದರು. ಒಂದೊಂದು ಸೀಮೆಯ ಹವೆ ಮಣ್ಣಿನಿಂದ ಬರುವ ವಿಶೇಷ ರುಚಿಯ ಬೀಜಗಳನ್ನು ಬೇರೆಯಾಗಿಯೇ ನೋಡಬೇಕು ಅನ್ನುವುದು ಅವರ ವಾದ. ಆಮೇಲೆ ಅದಕ್ಕೊಂದು ಅಳತೆಯೂ ಬಂತು. ನುರಿತವರು ರುಚಿ ನೋಡಿ ನೂರಕ್ಕೆ ಅಂಕ ಕೊಡುತ್ತಾರೆ, 80 ಅಥವಾ ಹೆಚ್ಚು ಬಂದರೆ ಸ್ಪೆಷಾಲ್ಟಿ. ಹಲವು ದೊಡ್ಡ ಊರುಗಳಲ್ಲಿ ಇದು ಒಂದು ಬಂಡಾಯದ ಹಾಗೆ ಬಂತು. ಮೊದಲು ಇದ್ದದ್ದು ಗಂಟೆಗಟ್ಟಲೆ ಹಾಟ್‌ಪ್ಲೇಟ್ ಮೇಲೆ ಕಾದು ಕೂತ ಕಾಫಿ ಅಥವಾ ದೊಡ್ಡ ಸರಣಿ ಅಂಗಡಿಗಳ ಹಾಲು ಸಿರಪ್ಪು, ಅದರ ವಿರುದ್ಧ ಇದು ನಿಂತಿತು. ಟೋಕಿಯೋದಲ್ಲಿ ಬೀಜದ ಬಗ್ಗೆ ಈ ಹೊಸ ವಿಚಾರ ಹೊರಗಿನಿಂದ ಬಂದದ್ದು ನಿಜ. ಆದರೆ ತಾನೇ ಬೀಜ ಹುರಿಯುವುದು, ಕಪ್ಪಿಗಷ್ಟೇ ಪುಡಿ ಮಾಡುವುದು, ಕೈಯಲ್ಲಿ ನೀರು ಸುರಿಯುವುದು, ಇದೆಲ್ಲ ಅಲ್ಲಿ ದಶಕಗಳಿಂದ ನಡೆದುಕೊಂಡು ಬಂದಿತ್ತು. ಯಾರೂ ಅದನ್ನು ಚಳವಳಿ ಅನ್ನಲಿಲ್ಲ, ಅಷ್ಟೇ.

ಹಳೇ ಶೈಲಿಯ ಕಾಫಿ ಅಂಗಡಿಗೆ ಅಲ್ಲಿ ಕಿಸ್ಸಾತೆನ್ ಅನ್ನುತ್ತಾರೆ. ಇದರ ಚರಿತ್ರೆ ಟೋಕಿಯೋದಲ್ಲಿ ಸಾಮಾನ್ಯವಾಗಿ 1888ರಿಂದ ಶುರುವಾಗುತ್ತದೆ. ಆ ವರ್ಷ ಅಮೆರಿಕದಲ್ಲಿ ಓದಿ ಬಂದಿದ್ದ ತೇಯ್ ಏಯ್‌ಕೇಯ್ ಎಂಬವರು ಉಯೆನೋದಲ್ಲಿ ಒಂದು ಅಂಗಡಿ ತೆರೆದರು. ಓದಲು ಪತ್ರಿಕೆ ಪುಸ್ತಕ, ಆಡಲು ಬಿಲಿಯರ್ಡ್ಸ್, ಕುಡಿಯಲು ಕಾಫಿ. ಕೆಲವೇ ವರ್ಷದಲ್ಲಿ ಅದು ಮುಚ್ಚಿಹೋಯಿತು. ಕಾಫಿ ಸಾಮಾನ್ಯರ ಕೈಗೆ ಬಂದದ್ದು 1911ರಲ್ಲಿ ಗಿಂಜಾದಲ್ಲಿ ಕಾಫೆ ಪೌಲಿಸ್ಟಾ ತೆರೆದ ಮೇಲೆ. ಅದರ ಹಿಂದಿನ ಕತೆ ನನಗೆ ತುಂಬಾ ಮುಖ್ಯ ಅನಿಸುತ್ತದೆ. ಬ್ರೆಜಿಲ್‌ನ ಕಾಫಿ ತೋಟಗಳಿಗೆ ಜಪಾನಿನಿಂದ ಕೂಲಿಗಳು ಹೋಗಲು ಶುರುವಾದದ್ದು 1908ರಲ್ಲಿ, ಕಾಸಾತೋ ಮಾರು ಅನ್ನುವ ಹಡಗಿನಲ್ಲಿ. ಆ ವಲಸೆ ಏರ್ಪಾಡು ಮಾಡಿದ್ದು ರ್ಯೋ ಮಿಜುನೋ. ಅದಕ್ಕೆ ಪ್ರತಿಯಾಗಿ ಸಾವೊ ಪೌಲೋ ಸರ್ಕಾರ ಅವರಿಗೆ ಕಾಫಿ ಬೀಜವನ್ನು ಪುಕ್ಕಟೆಯಾಗಿ ಕೊಟ್ಟಿತು. ಆ ಬೀಜದಿಂದಲೇ ಪೌಲಿಸ್ಟಾ ನಡೆಯಿತು, ಕಡಿಮೆ ಬೆಲೆಗೆ ಕಾಫಿ ಕೊಟ್ಟಿತು. ಗಿಂಜಾದಲ್ಲಿ ಸಾಹಿತಿಗಳು ಹರಟುತ್ತಾ ಕುಡಿದ ಕಾಫಿಯ ಹಿಂದೆ ದೂರದ ತೋಟದಲ್ಲಿ ಬೆವರು ಸುರಿಸಿದ ಅವರದೇ ಊರಿನ ಜನರಿದ್ದರು. ಇವತ್ತು ಕಪ್ಪಿನ ಜೊತೆ ಕೊಡುವ ಚೀಟಿಯಲ್ಲಿ ತೋಟದ ಹೆಸರು ಓದುವಾಗ ನನಗೆ ಇದು ನೆನಪಾಗುತ್ತದೆ. ಪೌಲಿಸ್ಟಾ ಹೆಸರಿನ ಅಂಗಡಿ ಗಿಂಜಾದಲ್ಲಿ ಈಗಲೂ ಇದೆ.

ಎರಡನೇ ಮಹಾಯುದ್ಧ ಬಂತು, ಕಾಫಿ ಆಮದು ನಿಂತಿತು. ಮತ್ತೆ ಶುರುವಾದದ್ದು 1950ರಲ್ಲಿ.

ಆ ನಡುವಿನ ಬರಗಾಲದಲ್ಲಿ, 1948ರಲ್ಲಿ, ಇಚಿರೋ ಸೆಕಿಗುಚಿ ಗಿಂಜಾದಲ್ಲಿ ಕಾಫೆ ದ ಲಾಂಬ್ರ್ ತೆರೆದರು. ಬೀಜ ಎಲ್ಲಿತ್ತು? ಯುದ್ಧದ ಕಾಲದಲ್ಲಿ ಸಾಗಿಸಲಾಗದೆ ಗೋದಾಮಿನಲ್ಲಿ ವರ್ಷಗಟ್ಟಲೆ ಉಳಿದುಹೋಗಿದ್ದ ಸುಮಾತ್ರಾದ ಬೀಜ ಅವರಿಗೆ ಸಿಕ್ಕಿತು. ಹಾಳಾಗಿರಬೇಕು ಅಂದುಕೊಳ್ಳುವಂಥ ಸರಕು. ಹುರಿದು ಕುಡಿದು ನೋಡಿದರೆ ಹುಳಿ ಇಳಿದು ರುಚಿ ದುಂಡಗಾಗಿತ್ತು. ಅಲ್ಲಿಂದ ಅವರು ಹಸಿ ಬೀಜವನ್ನು ಬೇಕೆಂದೇ ವರ್ಷಗಟ್ಟಲೆ ಇಟ್ಟು ಹಳತು ಮಾಡಿ ಹುರಿಯುವುದನ್ನು ತಮ್ಮ ದಾರಿ ಮಾಡಿಕೊಂಡರು. ಕೆಲವು ಬೀಜಗಳು ದಶಕಗಳಷ್ಟು ಹಳೆಯವು. ಇವತ್ತಿನ ಯಾವುದೇ ಹೊಸ ಅಂಗಡಿಗೆ ಹೋಗಿ ಕೇಳಿ, ಈ ವರ್ಷದ ಬೆಳೆಯೇ ಬೇಕು, ಹಳೇ ಬೀಜ ಅಂದರೆ ಒಣಹುಲ್ಲಿನ ರುಚಿ ಅನ್ನುತ್ತಾರೆ. ಸೆಕಿಗುಚಿಯವರು ಅದಕ್ಕೆ ನೇರ ಎದುರಿನ ದಾರಿ ಹಿಡಿದು 70 ವರ್ಷ ನಡೆದರು. 2018ರಲ್ಲಿ ತೀರಿಕೊಂಡಾಗ ಅವರಿಗೆ 103 ವರ್ಷ. ನೂರು ದಾಟಿದ ಮೇಲೂ ಅಂಗಡಿಗೆ ಬರುತ್ತಿದ್ದರು. ಅವರ ಬಳಿಕವೂ ಅಂಗಡಿ ನಡೆಯುತ್ತಿದೆ.

ಗಿಂಜಾದ ಹೊಳೆಯುವ ದೊಡ್ಡ ಅಂಗಡಿಗಳ ನಡುವೆ ಒಂದು ಸಣ್ಣ ರಸ್ತೆಯಲ್ಲಿದೆ ಅದು. ಬೋರ್ಡಿನ ಮೇಲೆ ಕಾಫಿ ಮಾತ್ರ ಅಂತ ಬರೆದಿದೆ. ನಿಜವಾಗಿಯೂ ಅಷ್ಟೇ. ಕೌಂಟರ್‌ನಲ್ಲಿ ಜಾಗ ಸಿಕ್ಕರೆ ಅಲ್ಲೇ ಕೂರಬೇಕು, ಕಾಯಬೇಕಾದರೂ ಚಿಂತೆಯಿಲ್ಲ, ಏಕೆಂದರೆ ನೋಡಬೇಕಾದದ್ದು ಅಲ್ಲಿದೆ. ಅವರು ಕಾಗದದ ಫಿಲ್ಟರ್ ಬಳಸುವುದಿಲ್ಲ. ಫ್ಲಾನೆಲ್ ಬಟ್ಟೆಯ ಒಂದು ಸಣ್ಣ ಚೀಲ, ಅದಕ್ಕೊಂದು ತಂತಿಯ ಹಿಡಿ. ಇದನ್ನು ನೆಲ್ ಅನ್ನುತ್ತಾರೆ. ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಕೊಕ್ಕಿನ ಕೆಟಲ್. ಮೊದಲು ಹನಿಹನಿಯಾಗಿ ಬೀಳುವ ನೀರು ಆಮೇಲೆ ನೂಲಿನಷ್ಟು ಸಣ್ಣ ಧಾರೆಯಾಗುತ್ತದೆ. ಪುಡಿ ಉಬ್ಬಿ ಬರುತ್ತದೆ, ನಡುವಿನಿಂದ ನೊರೆ ಏಳುತ್ತದೆ, ಕೈ ಅಲುಗುವುದಿಲ್ಲ.

ನೆಲ್ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು, ಏಕೆಂದರೆ ಇದನ್ನು ಸುಮ್ನೆ ಹಳೇ ಕಾಲದ ಪದ್ಧತಿ ಅಂತ ನೋಡಿ ಮುಂದೆ ಹೋಗುವವರು ಜಾಸ್ತಿ. ಕಾಗದ ಕಾಫಿಯ ಎಣ್ಣೆಯಂಶವನ್ನು ಹಿಡಿದುಕೊಳ್ಳುತ್ತದೆ, ಹಾಗಾಗಿ ಕಪ್ಪಿಗೆ ಬರುವುದು ತಿಳಿಯಾದ, ಹಗುರ ಪಾನೀಯ. ಬಟ್ಟೆ ಆ ಎಣ್ಣೆಯನ್ನು ಬಿಡುತ್ತದೆ, ಆದರೆ ಸಣ್ಣ ಗಸಿಯನ್ನು ತಡೆಯುತ್ತದೆ. ಹಾಗಾಗಿ ಕಾಫಿ ದಪ್ಪವಾಗಿರುತ್ತದೆ, ನಾಲಗೆಯ ಮೇಲೆ ರೇಷ್ಮೆ ಹಾಸಿದಂತೆ ಕೂರುತ್ತದೆ, ಆದರೂ ಒರಟಿರುವುದಿಲ್ಲ. ಗಾಢವಾಗಿ ಹುರಿದ ಬೀಜಕ್ಕೆ ಕುದಿನೀರು ಹಾಕಿದರೆ ಕಹಿ ಮಾತ್ರ ಮೇಲೇಳುತ್ತದೆ, ಅದಕ್ಕೆ ನೀರನ್ನು ಸಾಕಷ್ಟು ತಣಿಸಿಕೊಳ್ಳುತ್ತಾರೆ. ಪುಡಿ ಜಾಸ್ತಿ, ನೀರು ಕಡಿಮೆ, ಸುರಿಯುವ ಹೊತ್ತು ಉದ್ದ. ಕಪ್ ನೋಡಿದರೆ ಚಿಕ್ಕದು. ಇನ್ನು ಆ ಬಟ್ಟೆಯ ಆರೈಕೆ. ಬಳಸಿದ ಮೇಲೆ ತೊಳೆದು, ಒಣಗಲು ಬಿಡದೆ, ನೀರಿನಲ್ಲಿ ಮುಳುಗಿಸಿ ಇಡಬೇಕು. ಒಣಗಿದರೆ ಅದರಲ್ಲಿ ಉಳಿದ ಎಣ್ಣೆ ಗಾಳಿ ತಾಗಿ ಕೆಟ್ಟ ವಾಸನೆ ಬರುತ್ತದೆ. ಸೋಪು ತಾಗಿಸುವಂತಿಲ್ಲ. ಸವೆದಾಗ ಬದಲಿಸಬೇಕು, ಹೊಸ ಬಟ್ಟೆಯನ್ನು ಮೊದಲು ಕುದಿಸಿ ಹದ ಮಾಡಬೇಕು. ಒಂದು ಅಂಗಡಿ ಇದನ್ನು ದಿನಾ ಮಾಡುತ್ತಾ ಬರುವುದಕ್ಕೆ ಎಂಥ ತಾಳ್ಮೆ ಬೇಕು ಯೋಚಿಸಿ.

ಲಾಂಬ್ರ್‌ನಲ್ಲಿ ಬಿಸಿ ಕಾಫಿಯ ಬಳಿಕ ಹೊಟ್ಟೆಯಲ್ಲಿ ಜಾಗವಿದ್ದರೆ ಬ್ಲಾಂಕ್ ಎ ನುವಾರ್ ಕೇಳಿ. ಸಿಹಿ ಮಾಡಿ ತಣಿಸಿದ ಗಾಢ ಕಾಫಿ, ಅದರ ಮೇಲೆ ಕಲಸಿಹೋಗದ ಹಾಗೆ ಮೆಲ್ಲಗೆ ಇಳಿಸಿದ ಹಾಲಿನ ಬಿಳಿ ಪದರ, ಶಾಂಪೇನ್ ಗ್ಲಾಸಿನಲ್ಲಿ. ಕಲಕಬಾರದು, ಹಾಗೇ ಕುಡಿಯಬೇಕು. ಬಾಯಿಗೆ ಮೊದಲು ಹಾಲು, ಹಿಂದೆಯೇ ಕಹಿ ಸಿಹಿ ಬರುತ್ತದೆ.

ಈ ಹಿರಿಯರ ಸಾಲಿನಲ್ಲಿ ನಾನು ಯಾವಾಗಲೂ ಹೆಸರಿಸುವ ಇನ್ನೊಬ್ಬರು ಕಾತ್ಸುಜಿ ದಾಯ್‌ಬೋ. 1975ರಲ್ಲಿ ಮಿನಾಮಿ ಆವೊಯಾಮಾದಲ್ಲಿ ಮಹಡಿಯ ಮೇಲೆ ಒಂದು ಪುಟ್ಟ ಅಂಗಡಿ ತೆರೆದರು. ಕೈಯಲ್ಲಿ ತಿರುಗಿಸುವ ಒಂದು ಸಣ್ಣ ಡ್ರಮ್‌ನಲ್ಲಿ ದಿನಾ ಬೆಳಿಗ್ಗೆ ಗಂಟೆಗಟ್ಟಲೆ ಬೀಜ ಹುರಿಯುತ್ತಿದ್ದರು, ಆಮೇಲೆ ಅದೇ ಕೈಯಲ್ಲಿ ನೆಲ್ ಹಿಡಿಯುತ್ತಿದ್ದರು. ಆ ಕಟ್ಟಡವನ್ನು ಕೆಡವುವುದಾಯಿತು. 2013ರ ಕೊನೆಗೆ ಅಂಗಡಿ ಮುಚ್ಚಿತು. ಅಂಗಡಿಯೊಂದು ಮುಚ್ಚಿದರೆ ಅದರ ರುಚಿಯನ್ನು ಎಲ್ಲಿಯೂ ಎತ್ತಿಡಲು ಆಗುವುದಿಲ್ಲ, ಇದು ನನಗೆ ಬಹಳ ನೋವು ಕೊಡುವ ವಿಷಯ.

ಜಪಾನಿನಲ್ಲಿ ಕಿಸ್ಸಾತೆನ್‌ಗಳ ಸಂಖ್ಯೆ ತುದಿ ಮುಟ್ಟಿದ್ದು 1981ರಲ್ಲಿ, ಆಗ ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಇದ್ದವು. ಈಗ ಅರ್ಧಕ್ಕೂ ಕಡಿಮೆ. ಕಾರಣಗಳು ಒಂದೆರಡಲ್ಲ. 1980ರಲ್ಲಿ ದೋತೋರ್ ಅನ್ನುವ ಸರಣಿ ಅಂಗಡಿ ಹರಾಜುಕುದಲ್ಲಿ ತನ್ನ ಮೊದಲ ಅಂಗಡಿ ತೆರೆದು 150 ಯೆನ್‌ಗೆ ಕಾಫಿ ಕೊಟ್ಟಿತು, ನಿಂತು ಕುಡಿದು ಹೊರಡುವ ಕಾಫಿ. 1996ರಲ್ಲಿ ಸ್ಟಾರ್‌ಬಕ್ಸ್ ಗಿಂಜಾಕ್ಕೆ ಬಂತು, ಉತ್ತರ ಅಮೆರಿಕದ ಆಚೆ ಅದರ ಮೊದಲ ಅಂಗಡಿ ಅದು. 2013ರಲ್ಲಿ ಸೆವೆನ್ ಇಲೆವೆನ್ ಅಂಗಡಿಗಳಲ್ಲಿ ಒಂದು ಮೆಷಿನ್ ಬಂದು ನೂರು ಯೆನ್‌ಗೆ ಆಗಲೇ ಪುಡಿ ಮಾಡಿದ ಕಾಫಿ ಕೊಡಲು ಶುರು ಮಾಡಿತು. ಅದು ಕೆಟ್ಟ ಕಾಫಿಯಲ್ಲ, ಅದೇ ಕಷ್ಟ. ಜೊತೆಗೆ ಬಾಡಿಗೆ ಏರಿತು, ಹಳೇ ಕಟ್ಟಡಗಳು ಉರುಳಿದವು, ಮಾಲೀಕರಿಗೆ ವಯಸ್ಸಾಯಿತು, ದಿನಕ್ಕೆ ಹನ್ನೆರಡು ಗಂಟೆ ಕೌಂಟರ್ ಹಿಂದೆ ನಿಲ್ಲಲು ಮಕ್ಕಳು ಬರಲಿಲ್ಲ.

ಹೀಗೆ ಇವು ಕರಗುತ್ತಿದ್ದ ಕಾಲದಲ್ಲೇ ಹೊರಗಿನವರ ಕಣ್ಣು ಇವುಗಳ ಮೇಲೆ ಬಿತ್ತು. ಕ್ಯಾಲಿಫೋರ್ನಿಯಾದಲ್ಲಿ ಬ್ಲೂ ಬಾಟಲ್ ಅನ್ನುವ ಕಾಫಿ ಅಂಗಡಿ ಶುರು ಮಾಡಿದ ಜೇಮ್ಸ್ ಫ್ರೀಮನ್ ತಮಗೆ ದಾರಿ ತೋರಿಸಿದ್ದು ಜಪಾನಿನ ಕಿಸ್ಸಾತೆನ್‌ಗಳು ಅಂತ ಮತ್ತೆ ಮತ್ತೆ ಹೇಳಿದ್ದಾರೆ. ಅವರು ಮೆಚ್ಚಿ ಮಾತಾಡುವ ಒಂದು ಅಂಗಡಿ ಶಿಬುಯಾದ ಚಾತೇಯ್ ಹಾತೋ. ಆ ಗದ್ದಲದ ಸ್ಟೇಷನ್ನಿನಿಂದ ನಡೆದು ತಲುಪಬಹುದಾದಷ್ಟು ಹತ್ತಿರ, ಆದರೆ ಒಳಗೆ ಹೋದರೆ ಬೇರೆಯೇ ಊರು. ಕೌಂಟರ್ ಹಿಂದಿನ ಗೋಡೆ ತುಂಬಾ ಕಪ್‌ಗಳು, ಒಂದರಂತೆ ಇನ್ನೊಂದಿಲ್ಲ. ಕಾಫಿ ಮಾಡುವವರು ಕೂತವರನ್ನು ಒಮ್ಮೆ ನೋಡಿ ಅವರಿಗೆ ಹೊಂದುವ ಕಪ್ ಆರಿಸುತ್ತಾರೆ. ನನಗೆ ಯಾವುದು ಬರುತ್ತದೆ ಅಂತ ಕಾಯುವುದೇ ಒಂದು ಸಂತೋಷ. ಪಕ್ಕದವರ ಕಪ್ ನೋಡುವುದು, ಅವರು ನಮ್ಮದನ್ನು ನೋಡುವುದು, ಮಾತಿಲ್ಲದೆಯೇ ಪರಿಚಯವಾದ ಹಾಗೆ.

ಬ್ಲೂ ಬಾಟಲ್ ಜಪಾನಿಗೆ ಬಂದಾಗ, 2015ರ ಫೆಬ್ರವರಿಯಲ್ಲಿ, ಅದು ಶಿಬುಯಾ ಗಿಂಜಾಗಳನ್ನು ಬಿಟ್ಟು ಸುಮಿದಾ ನದಿಯಾಚೆಯ ಕಿಯೋಸುಮಿ ಶಿರಾಕಾವಾದಲ್ಲಿ ಅಂಗಡಿ ತೆರೆಯಿತು. ಗಂಟೆಗಟ್ಟಲೆ ಜನ ಸಾಲು ನಿಂತರು. ಜಪಾನಿನ ಕಾಫಿ ಅಂಗಡಿ ನೋಡಿ ಕಲಿತ ಅಮೆರಿಕದ ಅಂಗಡಿ ಜಪಾನಿಗೆ ಬಂತು, ಅಲ್ಲಿನ ಹುಡುಗರು ಅದನ್ನು ನೋಡಿ ಕೈಯಲ್ಲಿ ಸುರಿಯುವ ಕಾಫಿಯನ್ನು ಹೊಸದಾಗಿ ಪ್ರೀತಿಸಿದರು. ಇದನ್ನು ಯಾರಾದರೂ ಅಮೆರಿಕದ ಗೆಲುವು ಅಂದರೆ ನಾನು ಒಪ್ಪುವುದಿಲ್ಲ. ಸಾಲ ಬಡ್ಡಿ ಸಮೇತ ವಾಪಸ್ ಬಂದಿತು ಅಂದರೆ ಸರಿ.

ಆ ಬಡಾವಣೆಯಲ್ಲಿ ಕಾಫಿ ಯಾಕೆ ಬೇರೂರಿತು ಅನ್ನುವುದು ಅಲ್ಲಿ ನಡೆದಾಡಿದರೆ ತಿಳಿಯುತ್ತದೆ. ಕಾಲುವೆಗಳು, ಹಳೇ ಗೋದಾಮುಗಳು. ಎತ್ತರದ ಸೂರು, ಅಗಲದ ಬಾಗಿಲು, ಹುರಿಯುವ ದೊಡ್ಡ ಯಂತ್ರ ನಿಲ್ಲಿಸಲು, ಹೊಗೆ ಹೊರಗೆ ಬಿಡಲು ಅನುಕೂಲ. ನ್ಯೂಜಿಲೆಂಡಿನ ಆಲ್‌ಪ್ರೆಸ್ 2014ರಲ್ಲೇ ಒಂದು ಹಳೇ ಮರದ ಗೋದಾಮಿನಲ್ಲಿ ಬೀಜ ಹುರಿಯಲು ಶುರು ಮಾಡಿತ್ತು. ಅದಕ್ಕೂ ಮುಂಚೆ ಅರೈಸ್ ಕಾಫಿ ಅನ್ನುವ ಪುಟ್ಟ ಅಂಗಡಿ ಇತ್ತು. ಹತ್ತಿರದಲ್ಲೇ ಕಿಯೋಸುಮಿ ಉದ್ಯಾನ, ಸಮಕಾಲೀನ ಕಲೆಯ ಮ್ಯೂಸಿಯಂ. ಒಂದು ಕಪ್ ಕುಡಿದು, ಉದ್ಯಾನದ ಕೊಳದ ಸುತ್ತ ಬಂದು, ನಾಲಗೆ ಆರಿದ ಮೇಲೆ ಇನ್ನೊಂದು ಕಪ್ಪಿಗೆ ಹೋಗಬಹುದು. ಕಾಫಿ ಸುತ್ತಾಟಕ್ಕೆ ಇಷ್ಟು ಹದವಾದ ಜಾಗ ನಾನು ಬೇರೆ ನೋಡಿಲ್ಲ.

ತಿಳಿ ಹುರಿತದ ರುಚಿ ಗೊತ್ತಾಗಬೇಕಾದರೆ ಟೊಮಿಗಾಯಾದ ಫುಗ್ಲೆನ್‌ಗೆ ಹೋಗಿ. ಓಸ್ಲೋದ ಅಂಗಡಿ, ಅಲ್ಲಿ 1963ರಿಂದ ಇದೆ, ಟೋಕಿಯೋಗೆ ಬಂದದ್ದು 2012ರಲ್ಲಿ. ಹಳೇ ನಾರ್ವೆಯ ಪೀಠೋಪಕರಣ, ಸಂಜೆಯಾದರೆ ಬಾರ್. ಯೋಯೋಗಿ ಪಾರ್ಕಿನ ಕಡೆಯಿಂದ ನಡೆದು ಬರಬಹುದು. ಇಲ್ಲಿ ಕಾಫಿ ಚಹಾದ ಬಣ್ಣಕ್ಕೆ ಹತ್ತಿರ, ಮೊದಲ ಗುಟುಕಿಗೆ ಹುಳಿ. ಈ ಹುಳಿಯನ್ನು ದೋಷ ಅಂದುಕೊಂಡು ಕಪ್ ಪಕ್ಕಕ್ಕೆ ಸರಿಸುವವರು ಬೇಕಾದಷ್ಟಿದ್ದಾರೆ. ಸ್ವಲ್ಪ ತಡೆಯಿರಿ. ಬೀಜ ಒಂದು ಹಣ್ಣಿನೊಳಗಿಂದ ಬಂದದ್ದು, ಆ ಹಣ್ಣಿನ ಹುಳಿ ಸಿಹಿ ಬೀಜದಲ್ಲಿ ಉಳಿದಿರುತ್ತದೆ, ಜಾಸ್ತಿ ಹುರಿದಷ್ಟೂ ಅದು ಕಡಿಮೆಯಾಗಿ ಹುರಿದ ರುಚಿಯೇ ಮೇಲೆ ಬರುತ್ತದೆ. ತಿಳಿಯಾಗಿ ಹುರಿದ ಕಾಫಿ ಬಿಸಿಯಿದ್ದಾಗ ಪೂರ್ತಿ ಬಾಯಿ ಬಿಡುವುದಿಲ್ಲ. ಬೆಚ್ಚಗಾದಾಗ, ಇನ್ನೂ ಆರಿದಾಗ, ಒಂದೊಂದಾಗಿ ರುಚಿಗಳು ಹೊರಗೆ ಬರುತ್ತವೆ. ಹಾಗಾಗಿ ಅದನ್ನು ಬೇಗ ಕುಡಿದು ಮುಗಿಸಬೇಡಿ.

ಒಮೋಟೆಸಾಂಡೋದ ಕಾಫಿ ಮಾಮೆಯಾ ಇನ್ನೊಂದು ಬಗೆ. ಕೂರಲು ಕುರ್ಚಿಯಿಲ್ಲ. ಬೀಜಗಳ ಪಟ್ಟಿ ತಿಳಿಯಿಂದ ಗಾಢದ ಕಡೆಗೆ ಸಾಲಾಗಿ ಇರುತ್ತದೆ. ಕೌಂಟರಿನಾಚೆ ನಿಂತವರು ನಿಮಗೆ ಯಾವ ರುಚಿ ಇಷ್ಟ, ಮನೆಯಲ್ಲಿ ಹೇಗೆ ಮಾಡುತ್ತೀರಿ ಅಂತ ವಿಚಾರಿಸಿ ಬೀಜ ತೋರಿಸುತ್ತಾರೆ. ಔಷಧಿ ಅಂಗಡಿಯಲ್ಲಿ ಮಾತಾಡಿದಷ್ಟು ಗಂಭೀರವಾಗಿ ಮಾತು ನಡೆಯುತ್ತದೆ. ನನಗೆ ಈ ವಿಚಾರಿಸುವ ರೀತಿ ಬಹಳ ಹಿಡಿಸಿತು. ಹಾತೋದಲ್ಲಿ ಕಪ್ ಆರಿಸಲು ನೋಡುವ ಆ ನೋಟವೇ ಇಲ್ಲಿ ಮಾತಾಗಿದೆ ಅನಿಸಿತು. ಇದೇ ತಂಡದವರು 2021ರಲ್ಲಿ ಕಿಯೋಸುಮಿಯಲ್ಲಿ ಕೂತು ಒಂದರ ಬಳಿಕ ಒಂದು ಕಾಫಿ ಸವಿಯುವ ಅಂಗಡಿಯನ್ನೂ ತೆರೆದರು.

ಕೈ ಕೆಲಸಕ್ಕೆ ಉಪಕರಣ ಬೇಕು, ಅದೂ ಹುಟ್ಟಿದ್ದು ಇಲ್ಲೇ. ಹಾರಿಯೋ 1921ರಲ್ಲಿ ಟೋಕಿಯೋದಲ್ಲಿ ಶುರುವಾದ ಗಾಜಿನ ಕಂಪನಿ, ಮೊದಲು ಪ್ರಯೋಗಾಲಯಗಳಿಗೆ ಗಾಜು ಮಾಡುತ್ತಿತ್ತು. ಕಾಗದದ ಫಿಲ್ಟರ್ ಇಡುವ ಅದರ ಪಾತ್ರೆ ವಿ60 ಇವತ್ತು ಲೋಕದ ಎಷ್ಟೋ ಕಾಫಿ ಅಂಗಡಿಗಳಲ್ಲಿ ಕಾಣುತ್ತದೆ. ಶಂಕುವಿನ ಆಕಾರ, 60 ಡಿಗ್ರಿ ಕೋನ, ಒಳಗೆ ಸುರುಳಿ ಏಣುಗಳು, ಕೆಳಗೆ ಒಂದೇ ದೊಡ್ಡ ತೂತು. ತೂತು ದೊಡ್ಡದಾದ್ದರಿಂದ ನೀರನ್ನು ಅದು ಹಿಡಿದಿಡುವುದಿಲ್ಲ, ಸುರಿಯುವವರ ಕೈ ಹೇಗೋ ಕಾಫಿ ಹಾಗೆ. ಇದಕ್ಕೂ ಮುಂಚೆ, 1973ರಲ್ಲೇ, ಟೋಕಿಯೋದ ಕೋನೋ ಕಂಪನಿ ಶಂಕುವಿನ ಫಿಲ್ಟರ್ ತಂದಿತ್ತು, ಬಟ್ಟೆಯ ನೆಲ್ ಕೊಡುವ ರುಚಿಗೆ ಕಾಗದದಲ್ಲಿ ಹತ್ತಿರ ಹೋಗಬೇಕು ಅಂತ. ಹಳೇ ಅಂಗಡಿಯ ಬಟ್ಟೆ ಚೀಲದಿಂದ ಹೊಸ ಅಂಗಡಿಯ ವಿ60ಗೆ ನೇರ ದಾರಿ ಇದೆ ಅನ್ನಲು ಇದಕ್ಕಿಂತ ಸಾಕ್ಷಿ ಬೇಕಾ? 2016ರಲ್ಲಿ ಕೈಯಲ್ಲಿ ಕಾಫಿ ಮಾಡುವವರ ವಿಶ್ವ ಸ್ಪರ್ಧೆ ವರ್ಲ್ಡ್ ಬ್ರೂವರ್ಸ್ ಕಪ್ ಗೆದ್ದ ತೆತ್ಸು ಕಾಸುಯಾ ಕೂಡ ವಿ60ಯಲ್ಲೇ ಮಾಡಿದ್ದು. 20 ಗ್ರಾಂ ಪುಡಿಗೆ 300 ಗ್ರಾಂ ನೀರು. ನೂರರಲ್ಲಿ ಮೊದಲ 40 ಭಾಗ ನೀರಲ್ಲಿ ಹುಳಿ ಸಿಹಿಯ ತೂಕ ನಿಲ್ಲಿಸಿ, ಉಳಿದ 60 ಭಾಗದಲ್ಲಿ ಗಟ್ಟಿತನ ಹೊಂದಿಸುವುದು ಅವರ ವಿಧಾನ. ಮನೆಯಲ್ಲಿ ಮಾಡುವವರಿಗೂ ಅದು ಸುಲಭ. ಈ ಸಾಮಾನು ಕೊಳ್ಳಬೇಕು ಅನಿಸಿದರೆ ಉಯೆನೋ ಮತ್ತು ಅಸಾಕುಸಾ ನಡುವಿನ ಕಪ್ಪಾಬಾಶಿ ಬೀದಿಗೆ ಹೋಗಿ, ಅಡುಗೆಮನೆ ಸಾಮಾನಿನದೇ ಬೀದಿ ಅದು. ಕೆಟಲ್‌ಗಳನ್ನು ಕೈಯಲ್ಲಿ ಹಿಡಿದು ತೂಕ ನೋಡಿಯೇ ಕೊಳ್ಳಿ.

ಹೋಗುವವರಿಗೆ ಒಂದಿಷ್ಟು ಉಪಯೋಗದ ಮಾತು. ಹೆಚ್ಚಿನ ಕಡೆಗೆ ಮೆಟ್ರೋದ ನೇರಳೆ ಬಣ್ಣದ ಹಾನ್ಜೋಮೋನ್ ಲೈನ್ ಒಂದೇ ಸಾಕು, ಶಿಬುಯಾ, ಒಮೋಟೆಸಾಂಡೋ, ಜಿಂಬೋಚೋ, ಕಿಯೋಸುಮಿ ಶಿರಾಕಾವಾ ಎಲ್ಲವೂ ಅದರ ಮೇಲೇ ಇವೆ. ಎಲ್ಲವನ್ನೂ ಒಂದೇ ದಿನ ಮುಗಿಸುತ್ತೇನೆ ಅಂತ ಹೊರಡಬೇಡಿ. ದಿನಕ್ಕೆ ಎರಡು ಮೂರು ಕಪ್ ದಾಟಿದರೆ ನಾಲಗೆ ಕೆಲಸ ನಿಲ್ಲಿಸುತ್ತದೆ, ಕೈ ನಡುಗಲು ಶುರುವಾಗುತ್ತದೆ, ಆಮೇಲೆ ಕುಡಿದದ್ದು ಯಾವುದೂ ನೆನಪಿರುವುದಿಲ್ಲ. ಹಳೇ ಅಂಗಡಿಗಳಲ್ಲಿ ಒಬ್ಬೊಬ್ಬರೂ ಒಂದೊಂದು ಪಾನೀಯ ಕೇಳಬೇಕು, ಇಬ್ಬರು ಹಂಚಿಕೊಳ್ಳುವುದು ಸರಿಯಲ್ಲ. ನಗದು ಇಟ್ಟುಕೊಳ್ಳಿ, ಕಾರ್ಡ್ ತೆಗೆದುಕೊಳ್ಳದ ಕಡೆಗಳಿವೆ. ಟಿಪ್ಸ್ ಬೇಡ, ಕೊಟ್ಟರೆ ಅವರಿಗೆ ಮುಜುಗರ. ಒಳಾಂಗಣದಲ್ಲಿ ಸಿಗರೇಟಿಗೆ 2020ರ ಏಪ್ರಿಲಿನಿಂದ ಕಟ್ಟುನಿಟ್ಟು ಬಂದಿದೆ, ಆದರೂ ಕೆಲವು ಸಣ್ಣ ಹಳೇ ಅಂಗಡಿಗಳಲ್ಲಿ ಇನ್ನೂ ಸೇದುತ್ತಾರೆ, ಆಗದವರು ಬಾಗಿಲ ಬಳಿಯ ಗುರುತು ನೋಡಿಕೊಳ್ಳಿ. ಫೋಟೋ ತೆಗೆಯುವ ಮೊದಲು ಕೇಳಿ. ನೀರು ಸುರಿಯುತ್ತಿರುವಾಗ ಮಾತಾಡಿಸಬೇಡಿ, ಮುಗಿದ ಮೇಲೆ ಅವರೇ ತಲೆಯೆತ್ತುತ್ತಾರೆ.

ದುಡ್ಡಿನ ಬಗ್ಗೆಯೂ ಹೇಳಿಬಿಡುತ್ತೇನೆ. ಒಳ್ಳೆಯ ಅಂಗಡಿಯಲ್ಲಿ ಕೈಯಲ್ಲಿ ಮಾಡಿದ ಕಾಫಿಗೆ ಸಾವಿರ ಯೆನ್ ಆಸುಪಾಸು ಅಂದುಕೊಳ್ಳಿ, ಅದು ಅನ್ಯಾಯವಲ್ಲ, ಒಬ್ಬರ ಪೂರ್ತಿ ಗಮನ ನಿಮಗೆ ಸಿಕ್ಕಿರುತ್ತದೆ. ಆದರೆ ಕೆಲವು ಹೊಸ ಅಂಗಡಿಗಳಲ್ಲಿ ಗೇಷಾ ತಳಿಯ ಅಪರೂಪದ ಬೀಜಕ್ಕೆ ಇದರ ಎರಡು ಮೂರು ಪಟ್ಟು ಬೆಲೆ ಇರುತ್ತದೆ. ಬೀಜ ನಿಜಕ್ಕೂ ದುಬಾರಿ, ಹರಾಜಿನಲ್ಲಿ ಬಂದದ್ದು, ಮೋಸವೇನಲ್ಲ. ಆದರೂ ಮೊದಲ ಕಪ್ ಅದೇ ಬೇಕು ಅಂತ ಹಟ ಬೇಡ ಅನ್ನುತ್ತೇನೆ ನಾನು. ಮಲ್ಲಿಗೆ ಘಮ, ಪೀಚ್ ಹಣ್ಣು ಎಲ್ಲ ಮೂಗಿಗೆ ಬಡಿಯುತ್ತದೆ, ಆದರೆ ಅದಾದ ಮೇಲೆ ಸಾಧಾರಣ ಇಥಿಯೋಪಿಯಾ, ಗ್ವಾಟೆಮಾಲಾ ಬೀಜದಲ್ಲಿ ಅದೇ ಅಂಗಡಿಯವರು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಾರೆ ಅನ್ನುವುದು ಕಾಣಿಸುವುದಿಲ್ಲ. ಪಟ್ಟಿಯ ಕೆಳಗಿನ ಬೆಲೆಯಿಂದ ಶುರು ಮಾಡಿ, ಇವತ್ತು ನಿಮಗೆ ಇಷ್ಟವಾದದ್ದು ಯಾವುದು ಅಂತ ಮಾಡುವವರನ್ನೇ ಕೇಳಿ. ಈ ಒಂದು ಪ್ರಶ್ನೆಗೆ ಅವರ ಮುಖ ಅರಳುವುದನ್ನು ಹೊಸ ಅಂಗಡಿಯಲ್ಲೂ ನೋಡಿದ್ದೇನೆ, ಹಳೇ ಅಂಗಡಿಯಲ್ಲೂ ನೋಡಿದ್ದೇನೆ.

ಗಾಢ ಮತ್ತು ತಿಳಿ, ಎರಡರಲ್ಲಿ ಯಾವುದು ಮೇಲು ಅನ್ನುವ ಜಗಳ ಕಾಫಿ ಪ್ರಿಯರಲ್ಲಿ ಮುಗಿಯುವಂಥದ್ದಲ್ಲ. ನನ್ನ ನಾಲಗೆ ಈಗ ಸ್ವಲ್ಪ ಗಾಢದ ಕಡೆಗೇ ವಾಲುತ್ತದೆ. ಆದರೆ ಬೀಜ ಬೆಳೆದವರ ಕಡೆಯಿಂದ ನೋಡಿದರೆ ತಿಳಿ ಹುರಿತದವರು ಒಂದು ದೊಡ್ಡ ಕೆಲಸ ಮಾಡಿದ್ದಾರೆ. ತೋಟದ ಹೆಸರು, ಬೆಳೆದವರ ಹೆಸರು ಕಪ್ಪಿನ ಪಕ್ಕ ಬಂದು ಕೂತದ್ದು ಅವರಿಂದ. ಹಳೇ ಅಂಗಡಿಗಳ ಪಟ್ಟಿಯಲ್ಲಿ ಬ್ರೆಜಿಲ್, ಕೊಲಂಬಿಯಾ, ಸುಮಾತ್ರಾದ ಮಾಂಡೆಲಿಂಗ್ ಅಂತ ಸೀಮೆಯ ಹೆಸರು ಇರುತ್ತಿತ್ತು, ಬೆಳೆದವರ ಹೆಸರು ಇರುತ್ತಿರಲಿಲ್ಲ. ಹಳಬರು ಕುಡಿಯುವವರನ್ನು ನೋಡಿದರು, ಹೊಸಬರು ಬೆಳೆಯುವವರನ್ನೂ ನೋಡುತ್ತಿದ್ದಾರೆ. ನನಗೆ ಎರಡೂ ಬೇಕು.

ಇರುವ ಸ್ವಲ್ಪ ಸಮಯದಲ್ಲಿ ಒಂದನ್ನೇ ಆರಿಸಬೇಕಾಗಿ ಬಂದರೆ ಮಾತ್ರ ಹಳೇ ಅಂಗಡಿಗೆ ಹೋಗಿ. ಹೊಸ ಅಂಗಡಿಗಳು ಮುಂದಿನ ಸಲವೂ ಇರುತ್ತವೆ, ಬೇರೆ ಬಡಾವಣೆಗಳಲ್ಲಿ, ಬೇರೆ ಊರುಗಳಲ್ಲೂ ಅವುಗಳ ಶಾಖೆ ಸಿಗುತ್ತದೆ. ಹಳೆಯವು ವಾರಕ್ಕೊಂದು ದಿನ ರಜಾ ಹಾಕುತ್ತವೆ, ಹಬ್ಬಕ್ಕೆ ಮುಚ್ಚುತ್ತವೆ, ಮಾಲೀಕರಿಗೆ ಹುಷಾರಿಲ್ಲದಿದ್ದರೆ ಬಾಗಿಲಿಗೆ ಚೀಟಿ ಅಂಟಿಸಿರುತ್ತಾರೆ. ಹೊರಡುವ ಮುಂಚೆ ಆ ದಿನ ತೆರೆದಿದೆಯಾ ಅಂತ ನೋಡಿಕೊಳ್ಳಿ. ಮಧ್ಯಾಹ್ನದ ಊಟದ ಗದ್ದಲ ಇಳಿದ ಮೇಲೆ, ಮೂರು ಗಂಟೆಗೆ ಮುಂಚೆ ಹೋದರೆ ಕೌಂಟರ್‌ನಲ್ಲಿ ಜಾಗ ಸಿಗುತ್ತದೆ.